ಹಾಲಿನ ಲೆಕ್ಕದ ಪಕ್ಕ ಅಮ್ಮನ ಮನಸ್ಸಿನ ಲೆಕ್ಕ

ಮುಟ್ಟು ನಿಲ್ಲೋ ಕಾಲದಲ್ಲಿ ಮೈ ಕಾವೇರುತ್ತೆ, ನಿದ್ದೆ ಬರಲ್ಲ, ಸಿಟ್ಟು ಜಾಸ್ತಿ. ಇಷ್ಟು ಬಹಳ ಜನಕ್ಕೆ ಗೊತ್ತು. ಆದರೆ ಆ ತೊಂದರೆಗೆ ಕೊಡೋ ಹಾರ್ಮೋನ್ ಮಾತ್ರೆಯಿಂದಲೇ ಕೆಲವರಿಗೆ ಮನಸ್ಸು ಕುಸಿಯಬಹುದು, ಹಾಗಾದರೆ ಚಿಕಿತ್ಸೆಯನ್ನೇ ಬಿಡಬೇಕಾಗಿಲ್ಲ, ಮಾತ್ರೆಯನ್ನು ಬದಲಿಸಿಕೊಳ್ಳೋಕೆ ದಾರಿ ಇದೆ ಅನ್ನೋದು ಅಷ್ಟಾಗಿ ಗೊತ್ತಿಲ್ಲ. ನನಗೆ ಗೊತ್ತಾಗಿದ್ದು ಅಮ್ಮನಿಂದ. ನಿಮ್ಮಲ್ಲಿ ಎಷ್ಟೋ ಜನರ ಅಮ್ಮ, ಚಿಕ್ಕಮ್ಮ, ಅತ್ತೆ ಈಗ ಇದೇ ವಯಸ್ಸಿನಲ್ಲಿರ್ತಾರೆ. ಅದಕ್ಕೇ ಅಮ್ಮನ ಒಪ್ಪಿಗೆ ಕೇಳಿ ಬರೀತಿದ್ದೀನಿ. "ಬರಿ, ನನ್ನ ಹೆಸರು ಮಾತ್ರ ಹಾಕ್ಬೇಡ" ಅಂದಿದ್ದಾಳೆ.

ಅಮ್ಮನಿಗೆ ಈಗ ಐವತ್ತು, ನನಗೆ ಮೂವತ್ತು. ಅವಳು ಹಾಸನದಲ್ಲಿ ಒಂದು ಸಹಕಾರ ಸಂಘದ ಕ್ಯಾಷ್ ಕೌಂಟರಿನಲ್ಲಿ ಕೂರ್ತಾಳೆ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ವಾರಕ್ಕೆ ಮೂರು ದಿನ ಆಫೀಸು, ಎರಡು ವಾರಕ್ಕೊಮ್ಮೆ ಊರು. ಎರಡು ವರ್ಷದ ಹಿಂದೆ ಅವಳ ಮುಟ್ಟು ಏರುಪೇರಾಯ್ತು. ಒಮ್ಮೆ ಇಪ್ಪತ್ತು ದಿನಕ್ಕೆ, ಒಮ್ಮೆ ಎರಡು ತಿಂಗಳಾದರೂ ಇಲ್ಲ. ರಾತ್ರಿ ಬೆವತು ಎದ್ದು ರವಿಕೆ ಬದಲಿಸೋದು, ಹಗಲು ನೋಟು ಎಣಿಸುವಾಗ ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಎಣಿಸೋದು. ಕೌಂಟರಿನ ಮುಂದೆ ಜನ ಕಾಯ್ತಿರುವಾಗ ಮುಖಕ್ಕೆ ಕಾವು ಏರಿದರೆ ಏನು ಮಾಡೋದು? ಮೊದಲು ತೋರಿಸಿದ ಕಡೆ "ವಯಸ್ಸಾಯ್ತಲ್ಲಮ್ಮ, ಎಲ್ಲರಿಗೂ ಆಗೋದೇ" ಅಂತ ಕ್ಯಾಲ್ಸಿಯಂ ಮಾತ್ರೆ ಕೊಟ್ಟು ಕಳಿಸಿದರು.

ಸತತ ಹನ್ನೆರಡು ತಿಂಗಳು ಮುಟ್ಟಾಗದಿದ್ದರೆ ಅದು ಮೆನೋಪಾಸ್. ಅದಕ್ಕಿಂತ ಮುಂಚಿನ, ಏರುಪೇರಿನ ವರ್ಷಗಳು ಪೆರಿಮೆನೋಪಾಸ್. ನಮ್ಮ ದೇಶದಲ್ಲಿ ಮುಟ್ಟು ನಿಲ್ಲೋ ಸರಾಸರಿ ವಯಸ್ಸು 46-47ರ ಆಸುಪಾಸು, ಯುರೋಪು ಅಮೆರಿಕಗಳಲ್ಲಿ ಸುಮಾರು 51. ಈ ಅವಧಿಯಲ್ಲಿ ಈಸ್ಟ್ರೊಜೆನ್ ಒಂದೇ ಸಮನೆ ಇಳಿದುಹೋಗುತ್ತೆ ಅಂದುಕೊಂಡಿದ್ದೆ. ಹಾಗಲ್ಲವಂತೆ. ಮಳೆಗಾಲದಲ್ಲಿ ಊರಿನ ವೋಲ್ಟೇಜ್ ಇರುತ್ತಲ್ಲ, ಹಾಗೆ ಒಮ್ಮೆ ಹೆಚ್ಚು, ಒಮ್ಮೆ ಪೂರ್ತಿ ಡಿಮ್. ಮನಸ್ಸು ಅದರ ಜೊತೆಗೇ ಏಳುತ್ತೆ, ಬೀಳುತ್ತೆ.

ಆಮೇಲೆ ಅಮ್ಮನ ಸಹೋದ್ಯೋಗಿಯೊಬ್ಬರು ಹೇಳಿದ ಲೇಡಿ ಡಾಕ್ಟರ ಹತ್ತಿರ ಹೋದೆವು. ಅವರು ಥೈರಾಯ್ಡ್, ಹಿಮೋಗ್ಲೋಬಿನ್, ಬಿಪಿ ನೋಡಿದರು, ಮ್ಯಾಮೊಗ್ರಾಂ ಮಾಡಿಸಿದರು. ಮನೆಯಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಇದೆಯಾ ಅಂತ ಕೇಳಿದರು. ಆಮೇಲೆ ಹಾರ್ಮೋನ್ ಚಿಕಿತ್ಸೆ, ಅಂದರೆ ಎಚ್‌ಆರ್‌ಟಿ, ಶುರು ಮಾಡಬಹುದು ಅಂದರು.

ಅಪ್ಪನಿಗೆ ಗಾಬರಿ. "ಅದನ್ನ ತಗೊಂಡ್ರೆ ಕ್ಯಾನ್ಸರ್ ಬರುತ್ತಂತಲ್ಲ?" ಆ ಭಯದ ಮೂಲ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನ. ಹದಿನಾರು ಸಾವಿರಕ್ಕೂ ಹೆಚ್ಚು ಹೆಂಗಸರಿದ್ದ ಅದರ ಒಂದು ಭಾಗವನ್ನು 2002ರ ಜುಲೈನಲ್ಲಿ ನಡುವೆಯೇ ನಿಲ್ಲಿಸಿದರು. ಸ್ತನದ ಕ್ಯಾನ್ಸರ್ ವರ್ಷಕ್ಕೆ ಹತ್ತು ಸಾವಿರ ಮಂದಿಯಲ್ಲಿ 30 ಇದ್ದದ್ದು ಮಾತ್ರೆ ತಗೊಂಡವರಲ್ಲಿ 38 ಆಗಿತ್ತು. ಅಪಾಯ ಸುಳ್ಳಲ್ಲ. ಆದರೆ ಅವರ ಸರಾಸರಿ ವಯಸ್ಸು 63, ಕೊಟ್ಟದ್ದು ಹಳೇ ಕಾಲದ ಹಾರ್ಮೋನುಗಳು. ಪೇಪರಿನಲ್ಲಿ ತಲೆಬರಹ ಮಾತ್ರ ಉಳಿಯಿತು, ವಯಸ್ಸು ಬಿಟ್ಟುಹೋಯಿತು. ಡಾಕ್ಟರು ಇದನ್ನೆಲ್ಲ ಅಪ್ಪನಿಗೆ ಹತ್ತು ನಿಮಿಷ ಕೂತು ಹೇಳಿದರು. ಅಷ್ಟು ಹೊತ್ತು ಕೊಡೋ ಡಾಕ್ಟರು ಸಿಕ್ಕಿದ್ದು ನಮ್ಮ ಪುಣ್ಯ.

ಚೀಟಿಯಲ್ಲಿ ಎರಡು ಮಾತ್ರೆ. ಈಸ್ಟ್ರೊಜೆನ್ ದಿನಾ. ಅದರ ಜೊತೆ ಪ್ರೊಜೆಸ್ಟೊಜೆನ್ ಜಾತಿಯ ಇನ್ನೊಂದು, ತಿಂಗಳ 1ನೇ ತಾರೀಖಿನಿಂದ 14ರವರೆಗೆ ಮಾತ್ರ. ಎರಡು ವಾರದಲ್ಲಿ ಕಾವು, ಬೆವರು ಕಡಿಮೆಯಾದವು. ಅಮ್ಮ ರಾತ್ರಿ ನಿದ್ದೆ ಮಾಡಿದಳು. ಎಲ್ಲ ಸರಿಹೋಯ್ತು ಅನ್ನೋ ಹೊತ್ತಿಗೆ ಬೇರೆಯದು ಶುರುವಾಯಿತು.

ಫೋನಿನಲ್ಲಿ ಮಾತು ಕಡಿಮೆ. "ಊಟ ಆಯ್ತಾ" ಅಂತ ಕೇಳೋದೂ ಇಲ್ಲ. ಒಂದು ದಿನ ಸಾರಿಗೆ ಉಪ್ಪು ಕಮ್ಮಿ ಅಂತ ಅಪ್ಪ ಅಂದದ್ದಕ್ಕೆ ಪಾತ್ರೆ ಸಮೇತ ಸಿಂಕಿಗೆ ಸುರಿದಳಂತೆ. ಆಮೇಲೆ ಗಂಟೆಗಟ್ಟಲೆ ಅಳು. ನಾನು ಊರಿಗೆ ಹೋದಾಗ ಮೆಲ್ಲಗೆ ಹೇಳಿದಳು: "ಯಾಕಾದ್ರೂ ಬೆಳಗಾಗುತ್ತೋ ಅನ್ಸುತ್ತೆ ಕಣೇ. ಕೆಲ್ಸ ಬಿಟ್ಬಿಡ್ತೀನಿ." ಬರೀ ಮಾತಲ್ಲ. ರಾಜೀನಾಮೆ ಪತ್ರ ಬರೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಳು. ಇಪ್ಪತ್ತೆರಡು ವರ್ಷದ ಕೆಲಸ.

ಅತ್ತೆ, ಅಂದರೆ ಅಪ್ಪನ ತಂಗಿ, "ಅಮಾವಾಸ್ಯೆ ಹತ್ರ ಬಂದ್ರೆ ಅತ್ತಿಗೆಗೆ ಹಿಂಗಾಗುತ್ತೆ, ನೋಡು ಬೇಕಾದ್ರೆ" ಅಂದರು. ನಾನು ನಿಜವಾಗಿಯೂ ನೋಡಿದೆ.

ನಮ್ಮನೆ ಅಡುಗೆಮನೆ ಗೋಡೆಗೆ ಒಂದು ಕ್ಯಾಲೆಂಡರ್ ಇದೆ. ಹಾಲು ಎಷ್ಟು ಪ್ಯಾಕೆಟ್, ಗ್ಯಾಸ್ ಯಾವಾಗ ಬಂತು, ಎಲ್ಲ ಅದರಲ್ಲೇ. ನಾನು ಆ್ಯಪ್ ಹಾಕಿಕೊಡ್ತೀನಿ ಅಂದರೆ ಅಮ್ಮ ಬೇಡವೆಂದಳು. ಸರಿ, ಅದೇ ಚೌಕಗಳಲ್ಲಿ ಕೆಂಪು ಪೆನ್ನಿನಲ್ಲಿ ಒಂದು ಅಂಕಿ: ಆರಾಮಿದ್ದರೆ 0, ಪರವಾಗಿಲ್ಲ 1, ಕಷ್ಟ 2, ಏನೂ ಬೇಡ ಅನ್ನಿಸಿದರೆ 3. ನಿದ್ದೆ ಕೆಟ್ಟಿದ್ದರೆ ಪಕ್ಕದಲ್ಲಿ 'ನಿ', ಮುಟ್ಟಾದರೆ 'ಮು'. ರಾತ್ರಿ ಮಲಗೋ ಮುಂಚೆ ಅರ್ಧ ನಿಮಿಷದ ಕೆಲಸ. ಒಮ್ಮೆ ಅಪ್ಪ ಹಾಲಿನ ಲೆಕ್ಕಕ್ಕೆ ಅಮ್ಮನ ಸಂಕಟವನ್ನೂ ಸೇರಿಸಿ ಕೂಡಿ, ಹಾಲಿನವನ ಜೊತೆ ಜಗಳಕ್ಕೆ ನಿಂತಿದ್ದರು. ಆವತ್ತಿನ ಅಂಕಿ 0.

ಮೂರು ತಿಂಗಳ ಹಾಳೆಗಳನ್ನು ಫೋಟೊ ತೆಗೆದು ಒಂದರ ಕೆಳಗೊಂದು ಇಟ್ಟು ನೋಡಿದೆ. 2 ಮತ್ತು 3 ಎಲ್ಲಾ 4ನೇ ತಾರೀಖಿನಿಂದ 15ರ ಒಳಗೆ ಗುಂಪು ಕಟ್ಟಿಕೊಂಡಿದ್ದವು. 17ರ ನಂತರ ಬಹುಪಾಲು 0 ಮತ್ತು 1. ಅಮಾವಾಸ್ಯೆ ಮೂರೂ ತಿಂಗಳು ಕೊನೇ ವಾರದಲ್ಲಿ ಬಿದ್ದಿತ್ತು, ಅಮ್ಮ ಆಗ ಹಾಯಾಗಿದ್ದಳು. ಅಂದರೆ ಎರಡನೇ ಮಾತ್ರೆ ನುಂಗೋ ದಿನಗಳಿಗೂ ಕೆಟ್ಟ ದಿನಗಳಿಗೂ ತಾಳೆ ಆಗ್ತಿತ್ತು. ಆಫೀಸಿನಲ್ಲಿ ಲಾಗ್ ನೋಡಿ ಬಗ್ ಹುಡುಕುವಾಗ ಮೊದಲು ಕೇಳೋ ಪ್ರಶ್ನೆ ಇದೇ ಅಲ್ವಾ, ಇದು ಶುರುವಾದಾಗ ಏನು ಬದಲಾಗಿತ್ತು ಅಂತ.

ಅಮ್ಮ ಹಾಳೆ ನೋಡಿ ತುಂಬಾ ಹೊತ್ತು ಸುಮ್ಮನಿದ್ದಳು. "ಹಂಗಾದ್ರೆ ನಂಗೆ ತಲೆ ಕೆಟ್ಟಿಲ್ಲ" ಅಂದಳು. ಮರುಕ್ಷಣವೇ, "ಆ ಎರಡನೇ ಮಾತ್ರೆ ಇವತ್ತಿಂದ್ಲೇ ಬಿಟ್ಬಿಡ್ತೀನಿ."

ಇಲ್ಲಿ ಸ್ವಲ್ಪ ನಿಧಾನ ಓದಿ, ಯಾಕಂದರೆ ಯಾರಿಗಾದರೂ ಬರೋ ಮೊದಲ ಯೋಚನೆ ಇದೇ. ಗರ್ಭಕೋಶ ಇರೋ ಹೆಂಗಸರು ಈಸ್ಟ್ರೊಜೆನ್ ಒಂದನ್ನೇ ತಗೊಂಡರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತೆ, ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು. ಅದನ್ನು ತಡೆಯೋಕೇ ಎರಡನೇ ಮಾತ್ರೆ ಇರೋದು. ಮನಸ್ಸಿಗೆ ಕಾಟ ಕೊಡೋದೂ ಅದೇ, ಗರ್ಭಕೋಶ ಕಾಯೋದೂ ಅದೇ. ನಾವೇ ಬಿಡೋ ಹಾಗಿಲ್ಲ. ಗರ್ಭಕೋಶ ತೆಗೆಸಿಕೊಂಡವರಿಗೆ ಸಾಮಾನ್ಯವಾಗಿ ಈ ಎರಡನೇ ಮಾತ್ರೆ ಬೇಕಾಗಲ್ಲ.

ಹಾಳೆಗಳನ್ನು ತಗೊಂಡು ಡಾಕ್ಟರ ಹತ್ತಿರ ಹೋದೆವು. ಅವರು ಒಂದು ಮಾತು ಕೇಳಿದರು: "ಮೊದಲೂ ಮುಟ್ಟಿನ ಹಿಂದಿನ ವಾರ ಹೀಗಾಗ್ತಿತ್ತಾ? ಬಾಣಂತನದಲ್ಲಿ?" ಅಮ್ಮ ತಲೆಯಾಡಿಸಿದಳು. ನನ್ನ ಬಾಣಂತನದಲ್ಲಿ ಮೂರು ತಿಂಗಳು ಅಳ್ತಾನೇ ಇದ್ದಳಂತೆ, ಆಗ ದೃಷ್ಟಿ ತೆಗೆಸಿದ್ದರಂತೆ. ನನಗೆ ಮೂವತ್ತು ವರ್ಷ ಯಾರೂ ಹೇಳಿರಲಿಲ್ಲ. ಹಾಗಿದ್ದವರ ಮಿದುಳು ಹಾರ್ಮೋನಿನ ಏರಿಳಿತಕ್ಕೆ, ಅದರಲ್ಲೂ ಪ್ರೊಜೆಸ್ಟೊಜೆನ್‌ಗೆ, ಹೆಚ್ಚು ಸೂಕ್ಷ್ಮ ಅಂತ ಡಾಕ್ಟರು ವಿವರಿಸಿದರು.

ದಾರಿಗಳು ಹಲವಿದ್ದವು. ಮೊದಲ ಕೆಲವು ವಾರದ ತೊಂದರೆ ಸಹಿಸೋ ಮಟ್ಟದಲ್ಲಿದ್ದರೆ ಮೂರು ತಿಂಗಳು ಕಾದು ನೋಡೋದು ವಾಡಿಕೆ, ಎಷ್ಟೋ ಜನಕ್ಕೆ ತಾನಾಗಿ ಕಡಿಮೆಯಾಗುತ್ತೆ. ಅಮ್ಮನಿಗೆ ಮೂರು ತಿಂಗಳು ಮುಗಿದಿತ್ತು. ಅವಳು ತಗೊಳ್ತಿದ್ದದ್ದು ಮೆಡ್ರಾಕ್ಸಿಪ್ರೊಜೆಸ್ಟರಾನ್ ಅನ್ನೋ ಕೃತಕ ರೂಪ. ಅದರ ಬದಲು ನಮ್ಮ ದೇಹದ್ದೇ ರೂಪದ ಮೈಕ್ರೊನೈಸ್ಡ್ ಪ್ರೊಜೆಸ್ಟರಾನ್ ಕೊಡಬಹುದು, ಡೈಡ್ರೊಜೆಸ್ಟರಾನ್ ಕೊಡಬಹುದು. ಗರ್ಭಕೋಶದೊಳಗೇ ಕೂರಿಸೋ ಹಾರ್ಮೋನ್ ಕಾಪರ್-ಟಿ ಥರದ ಸಾಧನವೂ ಇದೆ. ಅದರಿಂದ ರಕ್ತಕ್ಕೆ ಸೇರೋ ಹಾರ್ಮೋನ್ ತೀರಾ ಕಡಿಮೆ, ಜೊತೆಗೆ ಗರ್ಭ ನಿಲ್ಲದ ಹಾಗೂ ತಡೆಯುತ್ತೆ. (ಎಚ್‌ಆರ್‌ಟಿ ಮಾತ್ರೆ ಗರ್ಭನಿರೋಧಕ ಅಲ್ಲ. ಮುಟ್ಟು ಇನ್ನೂ ಬರ್ತಿರೋ ವಯಸ್ಸಿನಲ್ಲಿ ಇದು ನೆನಪಿರಲಿ.)

ಅಮ್ಮನಿಗೆ ಮೈಕ್ರೊನೈಸ್ಡ್ ಪ್ರೊಜೆಸ್ಟರಾನ್ ಬರೆದುಕೊಟ್ಟರು, 200 ಮಿಲಿಗ್ರಾಂ, ರಾತ್ರಿ ಮಲಗುವಾಗ, ತಿಂಗಳಿಗೆ 12 ದಿನ. ರಾತ್ರಿಯೇ ಯಾಕೆಂದರೆ ಅದು ದೇಹದಲ್ಲಿ ಅಲೊಪ್ರೆಗ್ನನೊಲೋನ್ ಅನ್ನೋ ಇನ್ನೊಂದು ವಸ್ತುವಾಗಿ ಬದಲಾಗುತ್ತೆ. ಅದು ಮಿದುಳನ್ನು ಶಾಂತ ಮಾಡೋ ಗ್ರಾಹಕಗಳ ಮೇಲೇ ಕೆಲಸ ಮಾಡೋದರಿಂದ ಜೊಂಪು ಬರುತ್ತೆ. ಕೆಲವರಿಗೆ ಅದೇ ಉಲ್ಟಾ ಹೊಡೆದು ಕಿರಿಕಿರಿ ಹೆಚ್ಚಿಸೋದೂ ಉಂಟು. ಅದಕ್ಕೇ ಡಾಕ್ಟರು "ಕೆಂಪು ಪೆನ್ನು ಬಿಡಬೇಡಿ" ಅಂದರು. ಈಸ್ಟ್ರೊಜೆನ್ ಮಾತ್ರೆಯನ್ನು ಮುಟ್ಟಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲದಿದ್ದರೆ ಯಾವುದರಿಂದ ಏನಾಯ್ತು ಅಂತ ತಿಳಿಯಲ್ಲ. ಈ ಮಾತಿಗೆ ನನ್ನ ಟೀಮ್ ಲೀಡ್ ಆದರೆ ಎದ್ದು ನಿಂತು ಚಪ್ಪಾಳೆ ಹೊಡೀತಿದ್ದರು.

ಮೊದಲ ತಿಂಗಳು 3 ಬರಲಿಲ್ಲ. 2 ಐದು ಸಲ. ಎರಡನೇ ತಿಂಗಳು ಇನ್ನೂ ಕಡಿಮೆ. ಮಾಯಮಂತ್ರ ಏನಲ್ಲ; ಬೆಳಗ್ಗೆ ತಲೆ ಭಾರ ಅಂತಾಳೆ, ಅದಕ್ಕೆ ಮಾತ್ರೆಯನ್ನು ಹತ್ತು ಗಂಟೆಗೆ ಬದಲು ಒಂಬತ್ತಕ್ಕೇ ನುಂಗ್ತಾಳೆ.

ಮಾತ್ರೆ ಬದಲಾಗೋ ಮುಂಚಿನ ಆ ದಿನಗಳನ್ನು ದಾಟಿದ್ದು ಹೇಗೆ ಅಂತ ಕೇಳಿದರೆ, ತಾರೀಖು ಗೊತ್ತಿದ್ದದ್ದೇ ದೊಡ್ಡ ಸಹಾಯ. 4ರಿಂದ 15ರವರೆಗೆ ದೊಡ್ಡ ನಿರ್ಧಾರ ಬೇಡ ಅಂತ ಅಮ್ಮನೇ ಕಟ್ಟುಮಾಡಿಕೊಂಡಳು. ರಾಜೀನಾಮೆ ಪತ್ರ ಬ್ಯಾಗಿನಿಂದ ಬೀರುವಿನ ಸೀರೆಗಳ ಕೆಳಗೆ ಹೋಯಿತು. ಬೆಳಗ್ಗೆ ಮಹಾರಾಜ ಪಾರ್ಕಿನಲ್ಲಿ ಎರಡು ಸುತ್ತು. ಸಂಜೆ ಕಾಫಿ ಬಂದ್. ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಯಲ್ಲಿ ಈ ಕಾಲದ ಮನಸ್ಸಿನ ತೊಂದರೆಗೆ ಸಿಬಿಟಿ ಅನ್ನೋ ಮಾತಿನ ಚಿಕಿತ್ಸೆಯನ್ನೂ ಹೇಳಿದ್ದಾರೆ. ಅಮ್ಮ ನಾಲ್ಕು ಸಲ ವಿಡಿಯೊ ಕಾಲಿನಲ್ಲಿ ಮಾಡಿದಳು, ಬಾಗಿಲು ಹಾಕಿಕೊಂಡು. ಏನು ಮಾತಾಡಿದಳು ಅಂತ ನಾವು ಕೇಳಿಲ್ಲ. ಇನ್ನು ಬದುಕೇ ಬೇಡ ಅನ್ನೋ ಯೋಚನೆ ಬಂದರೆ ಕ್ಯಾಲೆಂಡರ್ ತುಂಬೋವರೆಗೆ ಕಾಯಬಾರದು. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಅದು.

ಅಪ್ಪನಿಗೂ ನನಗೂ ಒಂದು ನಿಯಮ ಬಂತು. ಅಮ್ಮ ದನಿ ಎತ್ತಿದ ತಕ್ಷಣ "ಮಾತ್ರೆ ತಗೊಂಡ್ಯಾ?" ಅಂತ ಕೇಳೋ ಹಾಗಿಲ್ಲ. ಇದು ಸಣ್ಣ ವಿಷಯ ಅಲ್ಲ. ಮಾತ್ರೆ ಬದಲಾದ ಮೇಲೂ ಕ್ಯಾಲೆಂಡರಿನಲ್ಲಿ ಭಾನುವಾರಗಳಂದು 2 ಬರ್ತಾನೇ ಇತ್ತು, ತಾರೀಖು ಯಾವುದೇ ಇರಲಿ. ಕೇಳಿದಾಗ ಅಮ್ಮ ಬೆರಳು ಮಡಿಸಿ ಹೇಳಿದಳು: ಹಾಸಿಗೆ ಹಿಡಿದಿರೋ ಅಜ್ಜಿಗೆ ಸ್ನಾನ, ವಾರದ ಬಟ್ಟೆ, ಬಂದವರಿಗೆಲ್ಲ ತಿಂಡಿ. "ಇದಕ್ಕೆ ಯಾವ ಹಾರ್ಮೋನು ಕಣೇ? ನಂಗೆ ಸಾಕಾಗಿದೆ ಅಷ್ಟೆ." ಆ ಸಿಟ್ಟಿಗೆ ಡಾಕ್ಟರ ಹತ್ತಿರ ಔಷಧಿ ಇರಲಿಲ್ಲ. ಅಜ್ಜಿಗೆ ಸ್ನಾನ ಮಾಡಿಸೋಕೆ ವಾರಕ್ಕೆ ಮೂರು ದಿನ ಒಬ್ಬರನ್ನು ಗೊತ್ತು ಮಾಡಿದೆವು, ದುಡ್ಡು ನನ್ನದು. ಭಾನುವಾರದ ತಿಂಡಿ ಅಪ್ಪನದು. ಉಪ್ಪಿಟ್ಟು ಬಿಟ್ಟು ಬೇರೆ ಬರಲ್ಲ, ಹಾಗಾಗಿ ಬಂದವರೂ ಕಡಿಮೆಯಾಗಿದ್ದಾರೆ.

ಅಮ್ಮ ಕೆಲಸ ಬಿಟ್ಟಿಲ್ಲ. ಪತ್ರ ಹರಿದೂ ಹಾಕಿಲ್ಲ, ಇನ್ನೂ ಸೀರೆ ಕೆಳಗೇ ಇದೆ. ಬಿಡೋದಾದರೆ 20ನೇ ತಾರೀಖಿನ ಮೇಲೆ ಯೋಚನೆ ಮಾಡಿ ಬಿಡ್ತಾಳಂತೆ. ಡಾಕ್ಟರ ಮುಂದಿನ ಭೇಟಿ ಬರೋ ತಿಂಗಳು. ಕ್ಯಾಲೆಂಡರಿನ ಹಿಂಭಾಗದಲ್ಲಿ ಮೂರು ಪ್ರಶ್ನೆ ಬರೆದಿಟ್ಟುಕೊಂಡಿದ್ದಾಳೆ. ಮೊದಲನೆಯದು: ಇದನ್ನ ಇನ್ನೆಷ್ಟು ವರ್ಷ ತಗೋಬೇಕು?