ನಿಮಗಿದು ಗೊತ್ತೇ? ನೊರೆ ನುಂಗುವ ನೀರು

◆ ಬೋರ್‌ವೆಲ್ ನೀರಿನಲ್ಲಿ ಮಿಂದ ಮೇಲೆ ಬಕೆಟ್ಟಿನ ಒಳಗೋಡೆಗೆ ಮೆತ್ತಿಕೊಳ್ಳುವ ಬಿಳಿ ಪಟ್ಟಿ ಮೈಕೊಳೆಯಲ್ಲ, ಬಹುಪಾಲು ಸೋಪೇ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನೊಳಗಿನ ಸೋಡಿಯಮನ್ನು ಆಚೆ ತಳ್ಳಿ ಆ ಜಾಗದಲ್ಲಿ ತಾವು ಕೂರುತ್ತವೆ. ಹೀಗೆ ಹುಟ್ಟಿದ್ದೂ ರಸಾಯನಶಾಸ್ತ್ರದ ಲೆಕ್ಕದಲ್ಲಿ ಸೋಪೇ, ಆದರೆ ನೀರಿಗೆ ಕರಗದ ಸೋಪು. ಒಡೆದ ಹಾಲಿನಂತೆ ನೊರೆ ಚೂರುಚೂರಾಗಿ ಮೈಗೂ ಟೈಲ್ಸಿಗೂ ಟವೆಲ್ಲಿಗೂ ಹತ್ತಿಕೊಳ್ಳುತ್ತದೆ.

◆ ಈ ಜಿಡ್ಡಿನ ಒಬ್ಬ ಹತ್ತಿರದ ಬಂಧುವನ್ನು ನೀವು ಈಗಾಗಲೇ ನುಂಗಿರುತ್ತೀರಿ. ಮಾತ್ರೆಯ ಪುಡಿ ಯಂತ್ರದ ಅಚ್ಚಿಗೆ ಅಂಟದಿರಲೆಂದು ಔಷಧ ಕಾರ್ಖಾನೆಗಳು ಬೆರೆಸುವ ಮೆಗ್ನೀಸಿಯಂ ಸ್ಟಿಯರೇಟ್ ಕೂಡ ನೀರಿಗೆ ಕರಗದ ಸೋಪೇ.

◆ ಗಡಸು ನೀರು ಎಷ್ಟು ಸೋಪು ತಿನ್ನುತ್ತದೆ? ಲೆಕ್ಕ ಹಾಕಬಹುದು. ನೀರಿನ ಗಡಸುತನವನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬನೇಟ್ ಎಂದು ಹೇಳುವುದು ರೂಢಿ. ಅದರ ಒಂದೊಂದು ಗ್ರಾಮಿಗೂ ಸುಮಾರು ಐದಾರು ಗ್ರಾಂ ಸೋಪು ಬಲಿ. ಗಡಸುತನ 300 ಇರುವ ನೀರಿನ ಒಂದು ಲೀಟರ್ ಚೊಂಬು ಪೂರ್ತಿಯಾಗಿ ಸೋಪಿನ ಜೊತೆ ಬೆರೆತರೆ ಒಂದೂವರೆ ಗ್ರಾಮಿನ ಮೇಲೆ ಸೋಪು ನೊರೆಯಾಗುವ ಮೊದಲೇ ಜಿಡ್ಡಾಯಿತು ಎಂದರ್ಥ. 20 ಲೀಟರಿನ ಬಕೆಟ್ಟಿಗೆ 30 ಗ್ರಾಂ ದಾಟುತ್ತದೆ. ಬಕೆಟ್ಟಿನ ನೀರೆಲ್ಲ ಸೋಪಿಗೆ ತಾಗುವುದಿಲ್ಲವಾದ್ದರಿಂದ ಸೋಪಿನ ಬಿಲ್ಲೆ ಮೂರೇ ದಿನಕ್ಕೆ ಮುಗಿಯದೆ ಉಳಿದಿದೆ, ಅಷ್ಟೆ.

◆ ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ 200ರ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಕುಡಿಯಲು ಪಾಸಾದ ನೀರೂ ಸೋಪಿನ ಪರೀಕ್ಷೆಯಲ್ಲಿ ಫೇಲಾಗಬಹುದು ಎಂಬುದು ಇದರಿಂದಲೇ ಗೊತ್ತಾಗುತ್ತದೆ.

◆ ಮನೆಯಲ್ಲೇ ಸೋಪು ಮಾಡುವವರ ದೊಡ್ಡ ದೂರು ಇದು: ಶುದ್ಧ ಕೊಬ್ಬರಿ ಎಣ್ಣೆ, ಆಲಿವ್ ಎಣ್ಣೆ ಹಾಕಿ ಮಾಡಿದ ಸೋಪಿಗಿಂತ ಅಂಗಡಿಯ ಸೋಪೇ ಕಡಿಮೆ ಜಿಡ್ಡು ಬಿಡುತ್ತದೆ, ಯಾಕೆ? ಅಂಗಡಿ ಸೋಪಿನ ಹೊದಿಕೆ ತಿರುಗಿಸಿ ಸಣ್ಣ ಅಕ್ಷರ ಓದಿ. ಟೆಟ್ರಾಸೋಡಿಯಂ ಇಡಿಟಿಎ, ಎಟಿಡ್ರೋನೇಟ್ ಇಂಥ ಹೆಸರುಗಳು ಬಹಳ ಸೋಪುಗಳಲ್ಲಿ ಸಿಗುತ್ತವೆ. ಸೋಪಿಗಿಂತ ಮೊದಲು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುವುದೇ ಅವುಗಳ ಕೆಲಸ. ಮನೆಯ ಸೋಪಿನಲ್ಲಿ ಆ ಕಾವಲುಗಾರ ಇಲ್ಲ. ದೋಷ ಎಣ್ಣೆಯದಲ್ಲ, ಕೈಗುಣದ್ದೂ ಅಲ್ಲ.

◆ ‘ಡಿಸ್ಟಿಲ್ಡ್ ವಾಟರಿನಲ್ಲೇ ಸೋಪು ಮಾಡಿದೆ, ಆದರೂ ಕರೆ ಕಟ್ಟುತ್ತಿದೆ’ ಎನ್ನುವವರಿದ್ದಾರೆ. ಕಟ್ಟಿಯೇ ಕಟ್ಟುತ್ತದೆ. ಒಂದು ಕಿಲೋ ಎಣ್ಣೆಯ ಸೋಪಿಗೆ ಬೇಕಾಗುವುದು ಸುಮಾರು 350 ಗ್ರಾಂ ನೀರು. ಅದು 300ರ ಗಡಸು ನೀರೇ ಆಗಿದ್ದರೂ ಇಡೀ ಅಚ್ಚಿನಲ್ಲಿ ಕೆಡುವುದು ಒಂದು ಗ್ರಾಮಿಗೂ ಕಡಿಮೆ ಸೋಪು. ಬಚ್ಚಲಲ್ಲಿ ಒಂದೇ ಚೊಂಬು ಅದಕ್ಕಿಂತ ಹೆಚ್ಚು ಕೆಡಿಸುತ್ತದೆ. ಸೋಪು ಮಾಡುವಾಗ ಒಳ್ಳೆಯ ನೀರು ಬೇಕು ನಿಜ, ಆದರೆ ಅದಕ್ಕೆ ಕಾರಣ ಬೇರೆ. ನೀರಿನ ಕಬ್ಬಿಣ, ತಾಮ್ರದ ಅಂಶ ಸೋಪಿನಲ್ಲಿ ಉಳಿದ ಎಣ್ಣೆಯನ್ನು ಬೇಗ ಮುಗ್ಗಿಸಿ ಕಿತ್ತಳೆ ಬಣ್ಣದ ಚುಕ್ಕೆ ಎಬ್ಬಿಸುತ್ತದೆ.

◆ ಮನೆ ಸೋಪಿಗೆ ಅಗ್ಗದ ಕಾವಲುಗಾರ ಸಿಟ್ರಿಕ್ ಆಮ್ಲ, ಅಂಗಡಿಯಲ್ಲಿ ‘ನಿಂಬೆ ಉಪ್ಪು’ ಎಂದು ಕೇಳಿದರೆ ಕೊಡುತ್ತಾರೆ. ಎಣ್ಣೆಯ ತೂಕದ ನೂರಕ್ಕೆ ಒಂದೆರಡು ಪಾಲು ಹಾಕುವುದು ರೂಢಿ. ಆದರೆ ಸುಮ್ಮನೆ ಸುರಿದರೆ ಸೋಪು ಕೆಟ್ಟಿತು. ಆಮ್ಲ ಮೊದಲು ಹೋಗಿ ಕಾಸ್ಟಿಕ್ ಸೋಡಾವನ್ನೇ ತಿನ್ನುತ್ತದೆ. ಹಾಗೆ ತಿಂದ ಮೇಲೆಯೇ ಅದು ಸೋಡಿಯಂ ಸಿಟ್ರೇಟ್ ಆಗುವುದು, ಕ್ಯಾಲ್ಸಿಯಂ ಹಿಡಿಯುವ ಶಕ್ತಿ ಇರುವುದು ಆ ಸಿಟ್ರೇಟಿಗೆ. ಹೀಗಾಗಿ 10 ಗ್ರಾಂ ಸಿಟ್ರಿಕ್ ಆಮ್ಲಕ್ಕೆ 6.24 ಗ್ರಾಂ ಕಾಸ್ಟಿಕ್ ಸೋಡಾ ಹೆಚ್ಚುವರಿ ಸೇರಿಸಬೇಕು. ಪೊಟ್ಟಣದ ಮೇಲೆ ‘ಮಾನೋಹೈಡ್ರೇಟ್’ ಎಂದಿದ್ದರೆ 5.7 ಗ್ರಾಂ ಸಾಕು. ಈ ಲೆಕ್ಕ ಬಿಟ್ಟರೆ ಏನಾಗುತ್ತದೆ ನೋಡಿ: ಒಂದು ಕಿಲೋ ಎಣ್ಣೆಗೆ 20 ಗ್ರಾಂ ಆಮ್ಲ ಹಾಕಿದಿರಿ, 12.5 ಗ್ರಾಂ ಸೋಡಾ ಅಲ್ಲೇ ಖರ್ಚಾಯಿತು. ಅಷ್ಟು ಸೋಡಾಕ್ಕೆ ಸೋಪಾಗಬೇಕಿದ್ದ 70ರಿಂದ 90 ಗ್ರಾಂ ಎಣ್ಣೆ ಹಸಿಯಾಗಿಯೇ ಉಳಿಯಿತು. ಬಿಲ್ಲೆ ಮೆತ್ತಗೆ, ನೊರೆ ಕಡಿಮೆ, ಬಚ್ಚಲಿಗೆ ಇನ್ನಷ್ಟು ಜಿಡ್ಡು. ಪಾಕವಿಧಾನ ಬರೆದುಕೊಡುವ ಎಷ್ಟೋ ಮಂದಿ ಹೆಚ್ಚುವರಿ ಸೋಡಾದ ಈ ಒಂದು ಸಾಲನ್ನು ನುಂಗಿಬಿಡುತ್ತಾರೆ. ಬರೆಯಲೇಬೇಕಾದ ಸಾಲು ಅದೇ.

ಕ್ರಮವೂ ಮುಖ್ಯ. ಆಮ್ಲವನ್ನು ಮೊದಲು ನೀರಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ ಸೋಡಾವನ್ನು ಚೂರುಚೂರೇ ಹಾಕಿ. ಮಾಮೂಲಿಗಿಂತ ಹೆಚ್ಚು ಬಿಸಿಯೇಳುತ್ತದೆ. ಕನ್ನಡಕ, ಕೈಗವಸು ಬೇಕೇ ಬೇಕು. ಸೋಡಾದ ಮೇಲೆ ನೀರು ಸುರಿಯುವುದು ಎಂದಿಗೂ ಬೇಡ. ಅಲ್ಯೂಮಿನಿಯಂ ಪಾತ್ರೆಯೂ ಬೇಡ: ಕಾಸ್ಟಿಕ್ ಸೋಡಾ ಅದನ್ನು ಕರಗಿಸಿ ಹೊತ್ತಿಕೊಳ್ಳುವ ಜಲಜನಕ ಹೊರಡಿಸುತ್ತದೆ. ಲೆಕ್ಕದ ತಲೆನೋವೇ ಬೇಡ ಎನ್ನುವವರು ಸೋಡಿಯಂ ಸಿಟ್ರೇಟನ್ನೇ ನೇರವಾಗಿ ಕೊಂಡು ನೀರಿನಲ್ಲಿ ಕದಡಬಹುದು. ಅದಕ್ಕೆ ಹೆಚ್ಚುವರಿ ಸೋಡಾ ಬೇಕಿಲ್ಲ.

◆ ಸಿಟ್ರೇಟ್ ಹಾಕಿದರೆ ಜಿಡ್ಡು ಮಾಯವೇ? ಇಲ್ಲ. ನೂರಕ್ಕೆ ಎರಡರಂತೆ ಆಮ್ಲ ಹಾಕಿದ 100 ಗ್ರಾಮಿನ ಬಿಲ್ಲೆಯಲ್ಲಿರುವ ಸಿಟ್ರೇಟೆಲ್ಲ ಸೇರಿದರೂ 300ರ ಗಡಸು ನೀರಿನ ಮೂರು ಲೀಟರಿನಷ್ಟು ಕ್ಯಾಲ್ಸಿಯಂ ಹಿಡಿದರೆ ಹೆಚ್ಚು. ಮೈಮೇಲೆ ನೊರೆ ಉಜ್ಜುವಾಗ ಇರುವುದು ಸ್ವಲ್ಪವೇ ನೀರಾದ್ದರಿಂದ ಅಲ್ಲಿ ಅದು ಕೆಲಸಕ್ಕೆ ಬರುತ್ತದೆ, ನೊರೆ ಸಲೀಸಾಗಿ ಏಳುತ್ತದೆ. ತೊಳೆಯಲು ಚೊಂಬುಗಟ್ಟಲೆ ಸುರಿದಾಗ ಅದರ ಆಟ ಮುಗಿಯಿತು. ಜಿಡ್ಡು ಕಡಿಮೆಯಾಗುತ್ತದೆ ಎಂದವರನ್ನು ನಂಬಿ, ಇರುವುದೇ ಇಲ್ಲ ಎಂದವರನ್ನು ನಂಬಬೇಡಿ.

◆ ನಿಂಬೆರಸ ಹಿಂಡಿದರೆ? ರಸದಲ್ಲಿ ಸಿಟ್ರಿಕ್ ಆಮ್ಲ ನೂರಕ್ಕೆ ಐದಾರು ಪಾಲು ಮಾತ್ರ, ಅದೂ ಹಣ್ಣಿನಿಂದ ಹಣ್ಣಿಗೆ ಬೇರೆ. ಸೋಡಾ ಲೆಕ್ಕ ಕೂಡುವುದಿಲ್ಲ. ನೀರಿನ ಬದಲು ವಿನೆಗರ್? ಬಿಲ್ಲೆ ಗಟ್ಟಿಯಾಗುತ್ತದೆ, ಕ್ಯಾಲ್ಸಿಯಂ ವಿಷಯದಲ್ಲಿ ಪ್ರಯೋಜನವಿಲ್ಲ. ಅಡುಗೆ ಉಪ್ಪು? ಅದರದ್ದೂ ಅದೇ ಕತೆ, ಜೊತೆಗೆ ನೊರೆಗೂ ಕುತ್ತು.

◆ ಲಿಕ್ವಿಡ್ ಸೋಪಾದರೆ ಕರೆ ಕಟ್ಟುವುದಿಲ್ಲ ಎಂಬ ನಂಬಿಕೆ ಅರ್ಧ ಸತ್ಯ. ಕಾಸ್ಟಿಕ್ ಪೊಟ್ಯಾಷ್ ಹಾಕಿ ಮಾಡಿದ ನಿಜವಾದ ದ್ರವ ಸೋಪೂ ಕರೆ ಕಟ್ಟುತ್ತದೆ, ಯಾಕೆಂದರೆ ಕ್ಯಾಲ್ಸಿಯಂ ಹುಡುಕಿಕೊಂಡು ಬರುವುದು ಎಣ್ಣೆಯ ಆಮ್ಲವನ್ನು. ಅಂಗಡಿಯ ಹ್ಯಾಂಡ್‌ವಾಷ್‌ಗಳಲ್ಲಿ ಬಹುಪಾಲು ಸೋಪೇ ಅಲ್ಲ, ಡಿಟರ್ಜೆಂಟ್. ಅವು ಪಾರಾಗುವುದು ಅದಕ್ಕೆ.

◆ ಸಮುದ್ರದ ನೀರಿನ ಗಡಸುತನ 6000 ದಾಟುತ್ತದೆ. ಅದರಲ್ಲೂ ಒಂದಿಷ್ಟು ನೊರೆ ಕೊಡುವುದು ಕೊಬ್ಬರಿ ಎಣ್ಣೆಯ ಸೋಪು. ಹಿಂದೆ ಹಡಗಿನವರಿಗೆಂದೇ ಇಂಥ ಸೋಪು ಮಾಡುತ್ತಿದ್ದರು. ಕೊಬ್ಬರಿ ಎಣ್ಣೆಯ ಹೆಚ್ಚುಕಡಿಮೆ ಅರ್ಧ ಭಾಗ ಲಾರಿಕ್ ಆಮ್ಲ; ಅದರ ಸೋಪು ಸುಲಭವಾಗಿ ಕರಗುತ್ತದೆ, ಉಪ್ಪಿಗೆ ಜಗ್ಗುವುದಿಲ್ಲ. ಬರೀ ಆಲಿವ್ ಎಣ್ಣೆಯ ಸೋಪನ್ನು ಬಯಲುಸೀಮೆಯ ಬೋರ್ ನೀರಿನಲ್ಲಿ ಉಜ್ಜಿದವರಿಗೆ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಆದರೆ ಬರೀ ಕೊಬ್ಬರಿ ಎಣ್ಣೆಯದು ಚರ್ಮ ಒಣಗಿಸುತ್ತದೆ, ಅದಕ್ಕೇ ಬಲ್ಲವರು ಅದರಲ್ಲಿ ನೂರಕ್ಕೆ 15–20 ಪಾಲು ಎಣ್ಣೆಯನ್ನು ಸೋಪಾಗದಂತೆ ಉಳಿಸುತ್ತಾರೆ.

◆ ಇಡಿಟಿಎಯನ್ನು ಮೊದಲು ತಯಾರಿಸಿದವರು ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಫರ್ಡಿನೆಂಡ್ ಮ್ಯುಂಜ್, 1935ರಲ್ಲಿ. ಕಾಲೇಜಿನ ಲ್ಯಾಬಿನಲ್ಲಿ ನೀರಿನ ಗಡಸುತನ ಅಳೆದವರಿಗೆ ಇದು ಹಳೆಯ ಪರಿಚಯ: ಬ್ಯುರೆಟ್ಟಿನಿಂದ ತೊಟ್ಟುತೊಟ್ಟಾಗಿ ಇಳಿದು, ದ್ರಾಕ್ಷಾರಸದ ಕೆಂಪಿನಲ್ಲಿದ್ದ ಫ್ಲಾಸ್ಕು ಇದ್ದಕ್ಕಿದ್ದಂತೆ ನೀಲಿಯಾಗುತ್ತದಲ್ಲ, ಆ ಬ್ಯುರೆಟ್ಟಿನಲ್ಲಿ ಇದ್ದದ್ದು ಇದೇ. ಅಳೆಯುವುದಕ್ಕೂ ಇದು, ತಡೆಯುವುದಕ್ಕೂ ಇದು. ಮಣ್ಣಿನಲ್ಲಿ, ನೀರಿನಲ್ಲಿ ಬೇಗ ಕೊಳೆಯುವುದಿಲ್ಲ ಎಂಬುದು ಇದರ ಮೇಲಿನ ಆಕ್ಷೇಪ, ಸಣ್ಣದೇನಲ್ಲ.

◆ ಅದಕ್ಕೂ ಮೊದಲು ಗಡಸುತನ ಅಳೆಯುತ್ತಿದ್ದುದು ಸೋಪಿನಿಂದಲೇ! ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಥಾಮಸ್ ಕ್ಲಾರ್ಕ್, ನಿಲ್ಲುವಂಥ ನೊರೆ ಬರಲು ಎಷ್ಟು ಸೋಪಿನ ದ್ರಾವಣ ಬೇಕು ಎಂದು ನೋಡಿ ನೀರಿಗೆ ಅಂಕ ಕೊಟ್ಟರು. ಸುಣ್ಣ ಬೆರೆಸಿ ನೀರನ್ನು ಮೆದು ಮಾಡುವ ವಿಧಾನಕ್ಕೆ 1841ರಲ್ಲಿ ಪೇಟೆಂಟ್ ಪಡೆದವರೂ ಅವರೇ. ಸುಣ್ಣದ ಅಂಶ ತೆಗೆಯಲು ಸುಣ್ಣ!

◆ ಈ ಪರೀಕ್ಷೆ ಮನೆಯಲ್ಲೂ ಆದೀತು. ಪಾರದರ್ಶಕ ಬಾಟಲಿಗೆ ಅರ್ಧ ನೀರು ತುಂಬಿ, ಮನೆ ಸೋಪನ್ನು ಚಾಕುವಿನಿಂದ ತೆಳ್ಳಗೆ ಹೆರೆದು ಒಂದು ಚಿಟಿಕೆ ಹಾಕಿ ಕುಲುಕಿ. ಕೆಳಗೆ ತಿಳಿ ನೀರು, ಮೇಲೆ ನೊರೆ ನಿಂತರೆ ಮೆದು ನೀರು. ನೀರು ಕದಡಿ, ಬಿಳಿ ಚೂರುಗಳು ತೇಲಿ, ನೊರೆ ಕ್ಷಣದಲ್ಲಿ ಇಳಿದರೆ ಗಡಸು. ಶಾಂಪೂ ಹಾಕಿ ಕುಲುಕಿದರೆ ಏನೂ ತಿಳಿಯದು.

◆ ಬಚ್ಚಲಿನ ಬಿಳಿ ಕಲೆಗಳೆಲ್ಲ ಒಂದೇ ಜಾತಿಯಲ್ಲ. ಉಗುರಿನಿಂದ ಕೆರೆದು ನೋಡಿ. ಮೇಣದಂತೆ ಸುರುಳಿ ಸುತ್ತಿ ಬಂದರೆ ಸೋಪಿನ ಜಿಡ್ಡು. ಗರಗರ ಎನ್ನುತ್ತ ಪುಡಿ ಉದುರಿದರೆ, ಅದರ ಮೇಲೆ ನಿಂಬೆರಸ ಬಿದ್ದು ಬುಸ್ಸೆಂದರೆ, ಅದು ಗೀಸರ್ ಕಾಯಿಲಿಗೆ ಕಟ್ಟುವ ಸುಣ್ಣದ ಚಕ್ಕೆ.

◆ ವಿನೆಗರ್ ಎರಡಕ್ಕೂ ಆಗುತ್ತದೆ. ಜಿಡ್ಡಿನ ಮೇಲೆ ಹಾಕಿದರೆ ಕ್ಯಾಲ್ಸಿಯಂ ಬಿಟ್ಟುಹೋಗಿ ಎಣ್ಣೆಯ ಆಮ್ಲ ಉಳಿಯುತ್ತದೆ, ಅದನ್ನು ಡಿಟರ್ಜೆಂಟ್ ಹಚ್ಚಿ ಉಜ್ಜಬೇಕು. ಆದರೆ ಉತ್ತರ ಕರ್ನಾಟಕದವರೇ, ಸ್ವಲ್ಪ ತಾಳಿ. ನಿಮ್ಮ ಬಚ್ಚಲಿನ ನೆಲ ಶಹಾಬಾದ್ ಕಲ್ಲಿನದೇ? ಅದು ಸುಣ್ಣಕಲ್ಲು. ಕಡಪ ಕಲ್ಲೂ ಹಾಗೆಯೇ. ವಿನೆಗರ್, ನಿಂಬೆ, ಬಚ್ಚಲು ತೊಳೆಯುವ ಆಸಿಡ್ ಯಾವುದೇ ಹುಳಿ ಬಿದ್ದರೂ ಕರೆಯ ಜೊತೆ ಕಲ್ಲಿನ ನುಣುಪೂ ಹೋಗುತ್ತದೆ. ಗ್ರಾನೈಟಿಗೆ ಆ ಭಯ ಅಷ್ಟಿಲ್ಲ.

◆ ವಿನೆಗರಿಗೆ ಅಡುಗೆ ಸೋಡಾ ಬೆರೆಸಿ ಉಜ್ಜುವ ವಿಡಿಯೋಗಳು ಜನಪ್ರಿಯ. ಬುರುಗು ಚೆನ್ನಾಗಿ ಬರುತ್ತದೆ. ಆಮ್ಲ, ಕ್ಷಾರ ಒಂದನ್ನೊಂದು ಕೊಂದುಕೊಂಡ ಬುರುಗು ಅದು.

◆ ಸೀಗೆಕಾಯಿ, ಅಂಟುವಾಳಕಾಯಿ ಎಷ್ಟೇ ಗಡಸು ನೀರಿನಲ್ಲೂ ಕರೆ ಕಟ್ಟುವುದಿಲ್ಲ. ಅವುಗಳಲ್ಲಿ ನೊರೆ ಬರಿಸುವುದು ಸೆಪೋನಿನ್ ಎಂಬ ವಸ್ತು, ಎಣ್ಣೆಯ ಆಮ್ಲವಲ್ಲ. ಕ್ಯಾಲ್ಸಿಯಮ್ಮಿಗೆ ಅಲ್ಲಿ ಹಿಡಿಯಲು ಏನೂ ಸಿಗದು. ಬೋರ್ ನೀರಿನ ಮನೆಯಲ್ಲಿ ತಲೆಗೆ ಸೋಪು ಹಚ್ಚಿ ಕೂದಲು ಅಂಟಂಟಾಗಿದೆ ಎಂದು ಗೊಣಗುವವರು ಮತ್ತೆ ಸೀಗೆಪುಡಿಗೆ ಮರಳಿದರೆ ಅದು ಬರೀ ಹಳೆಯದರ ಮೋಹವಲ್ಲ.

◆ ಬಟ್ಟೆ ಒಗೆಯುವಲ್ಲಿ ಸೋಪು ಸೋತದ್ದಕ್ಕೂ ಗಡಸು ನೀರು ಒಂದು ಕಾರಣ. ಭಾರತಕ್ಕೆ 1959ರಲ್ಲಿ ಸರ್ಫ್ ಬಂತು, 1969ರಲ್ಲಿ ಗುಜರಾತಿನ ಕರ್ಸನ್‌ಭಾಯಿ ಪಟೇಲರ ನಿರ್ಮಾ. ಗಡಸು ನೀರಿನಲ್ಲೂ ನೊರೆ ಬರುವ ಪುಡಿ ಅಗ್ಗಕ್ಕೆ ಸಿಕ್ಕ ಮೇಲೆ ಬಾರ್ ಸೋಪು ಹಿಂದೆ ಬಿತ್ತು.

◆ ಗಡಸು ನೀರು ಮಕ್ಕಳ ಇಸುಬಿಗೆ ಕಾರಣ, ಸಾಫ್ಟ್‌ನರ್ ಹಾಕಿಸಿದರೆ ವಾಸಿ ಎನ್ನುವ ಮಾರಾಟಗಾರರು ಸಿಕ್ಕರೆ ಈ ಸಂಗತಿ ಹೇಳಿ: ಇಂಗ್ಲೆಂಡಿನಲ್ಲಿ 336 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಾಫ್ಟ್‌ನರ್ ಅಳವಡಿಸಿದ ಮನೆಗಳ ಮಕ್ಕಳಿಗೆ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಸೋಪಿನ ಖರ್ಚು ಉಳಿಯುತ್ತದೆ, ನಲ್ಲಿ ಹೊಳೆಯುತ್ತದೆ, ಅದಕ್ಕಾಗಿ ಹಾಕಿಸಬಹುದು.

◆ 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಚರಂಡಿಯಲ್ಲಿ ಸಿಕ್ಕ ಕೊಬ್ಬಿನ ಬಂಡೆ 250 ಮೀಟರ್ ಉದ್ದ, 130 ಟನ್ ತೂಕ ಇತ್ತು. ಅಡುಗೆಮನೆಯಿಂದ ಚೆಲ್ಲಿದ ಎಣ್ಣೆ ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಯಾಗುವುದೇ ಇಂಥ ಬಂಡೆಗಳ ಗುಟ್ಟು. ಅದರ ಒಂದು ತುಂಡನ್ನು ಮರುವರ್ಷ ಮ್ಯೂಸಿಯಂನಲ್ಲಿಟ್ಟರು. ಜನ ಅಲ್ಲಿಗೆ ಹೋಗದೆ ತಮ್ಮ ಬಕೆಟ್ಟಿನಲ್ಲೇ ನೋಡಬಹುದಿತ್ತು!

◆ ಕರಾವಳಿಯ ಮುರಕಲ್ಲು ನೆಲದ ಬಾವಿಯ ಮೆದು ನೀರಿನಲ್ಲಿ ಮಿಂದ ಬಯಲುಸೀಮೆಯವರು ‘ಎಷ್ಟು ತೊಳೆದರೂ ಸೋಪು ಹೋಗ್ತಾನೇ ಇಲ್ಲ’ ಎನ್ನುತ್ತಾರೆ. ಸೋಪು ಹೋಗಿರುತ್ತದೆ. ಊರಿನ ನೀರಿನಲ್ಲಿ ಚರ್ಮಕ್ಕೆ ಹತ್ತುತ್ತಿದ್ದ ಜಿಡ್ಡಿನ ಒರಟನ್ನೇ ‘ಶುಚಿ’ ಎಂದು ಮೈ ಕಲಿತುಕೊಂಡಿದೆ.

◆ ಮನೆಯಲ್ಲಿ ಕಾವೇರಿ ನೀರೋ ಮಳೆಕೊಯ್ಲಿನ ನೀರೋ ಅರ್ಧ ಬಕೆಟ್ ಮಾತ್ರ ಇದೆ, ಉಳಿದದ್ದು ಬೋರ್. ಯಾವುದು ಮೊದಲು? ಬಹಳ ಜನ ಒಳ್ಳೆಯ ನೀರನ್ನು ಕೊನೆಯ ಚೊಂಬಿಗೆ ಉಳಿಸುತ್ತಾರೆ. ಅದು ತಿರುಗುಮುರುಗು. ಕೊನೆಗೆ ಸುರಿಯುವಷ್ಟರಲ್ಲಿ ಜಿಡ್ಡು ಮೈಗೆ ಕೂತಾಗಿರುತ್ತದೆ. ಮೈ ನೆನೆಸಲು, ನೊರೆ ಉಜ್ಜಲು, ಮೊದಲ ಸಲ ತೊಳೆಯಲು ಮೆದು ನೀರು ಬಳಸಿ. ಸೋಪೆಲ್ಲ ಹೋದ ಮೇಲೆ ಬೋರ್ ನೀರನ್ನು ಎಷ್ಟು ಸುರಿದುಕೊಂಡರೂ ಕರೆ ಕಟ್ಟಲು ಅಲ್ಲಿ ಸೋಪೇ ಇರುವುದಿಲ್ಲ.