ಪಗಾರ ಎಷ್ಟೆಂದು ಮೊದಲೇ ಬರೆಯೋಣ

ಬಾಗಲಕೋಟೆಯ ನವನಗರದಿಂದ ಬಾದಾಮಿಗೆ, ಅಲ್ಲಿಂದ ಹುನಗುಂದ, ಇಳಕಲ್ಲಿಗೆ ಹೊರಟರೆ ಅಲ್ಲಲ್ಲಿ ಕಾಣುವ ಬೋರ್ಡು ಒಂದೇ: ‘ಕೆಲಸಕ್ಕೆ ಬೇಕಾಗಿದ್ದಾರೆ’. ಬಟ್ಟೆ ಅಂಗಡಿ, ಹೋಟೆಲ್, ಮೊಬೈಲ್ ಅಂಗಡಿ ಎಲ್ಲ ಕಡೆಯೂ ಇದೇ. ಕೆಳಗೆ ಫೋನ್ ನಂಬರ್ ಇರುತ್ತದೆ, ಪಗಾರ ಇರುವುದಿಲ್ಲ. ಕರಾವಳಿಯ ನಾವು ಸಂಬಳ ಎನ್ನುವುದಕ್ಕೆ ಇಲ್ಲಿಯವರು ಪಗಾರ ಎನ್ನುತ್ತಾರೆ. ‘ಪಗಾರ ಎಷ್ಟ್ರೀ?’ ಎಂದು ಕೇಳಿದರೆ, ‘ಮೊದ್ಲ ಬರ್ರಿ, ಬಂದ ಮ್ಯಾಲೆ ಮಾತಾಡೂಣು’ ಎಂಬ ಉತ್ತರ.

ನಗುವ ಹಾಗಿಲ್ಲ. ನಮ್ಮವರ ವಾಟ್ಸ್‌ಆಪ್ ಗ್ರೂಪುಗಳಲ್ಲಿ ಬರುವ ಜಾಹೀರಾತೂ ಹೀಗೆಯೇ: ‘ಊಟ, ವಸತಿ ಇದೆ, ಆಕರ್ಷಕ ಸಂಬಳ’. ಅದನ್ನು ನಂಬಿ ಹುಡುಗ ಬ್ಯಾಗ್ ಹಿಡಿದು ರಾತ್ರಿ ಬಸ್ ಹತ್ತುತ್ತಾನೆ. ಇಲ್ಲಿ ಬಂದ ಮೇಲೆ ಹೇಳಿದ ಮೊತ್ತ ಮನೆಗೆ ಕಳಿಸಲು ಸಾಲದು. ಹಿಂದಿರುಗಲು ನಾಚಿಕೆ, ನಿಲ್ಲಲು ಮನಸ್ಸಿಲ್ಲ. ಎರಡು ತಿಂಗಳಲ್ಲಿ ಕೆಲಸ ಬಿಡುತ್ತಾನೆ. ಮಾಲೀಕ ‘ಈಗಿನ ಹುಡುಗರು ನಿಲ್ಲೋದೇ ಇಲ್ಲ’ ಎಂದು ಮತ್ತೆ ಅದೇ ಬೋರ್ಡು ಹಾಕುತ್ತಾನೆ. ಹುನಗುಂದದ ಹಳ್ಳಿಯಿಂದ ಬಾಗಲಕೋಟೆಗೆ ಸಂದರ್ಶನಕ್ಕೆ ಬರುವ ಹೆಣ್ಣುಮಗಳಿಗೂ ಹೀಗೆಯೇ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಬಸ್ ಟಿಕೆಟ್ ಉಳಿದಿದೆ ನಿಜ, ಆದರೆ ಹೋದ ದಿನದ ಕೂಲಿಯನ್ನು ಯಾರು ಕೊಡುತ್ತಾರೆ?

ಮಾಲೀಕರಿಗೂ ಕಾರಣಗಳಿವೆ. ಹೊಸಬನ ಸಂಬಳ ಬರೆದರೆ ಹತ್ತು ವರ್ಷದಿಂದ ಇರುವ ಹಳಬ ‘ನನಗೇಕೆ ಕಡಿಮೆ?’ ಎಂದು ಕೇಳಬಹುದು. ಪಕ್ಕದ ಅಂಗಡಿಯವರು ನೂರು ರೂಪಾಯಿ ಜಾಸ್ತಿ ಹೇಳಿ ಹುಡುಗನನ್ನು ಕರೆದೊಯ್ಯಬಹುದು. ಆದರೆ ಮೊದಲನೆಯದು ಜಾಹೀರಾತಿನ ತೊಂದರೆಯಲ್ಲ, ಹಳಬನಿಗೆ ಆಗುತ್ತಿರುವ ಅನ್ಯಾಯ. ಎರಡನೆಯದು ಮುಚ್ಚಿಟ್ಟರೂ ನಿಲ್ಲುವುದಿಲ್ಲ. ಸಂಬಳ ಬರೆದರೆ ಫೋನ್ ಕರೆಗಳು ಕಡಿಮೆಯಾಗಬಹುದು. ಆದರೆ ಬರುವವನು ಲೆಕ್ಕ ಹಾಕಿಯೇ ಬರುತ್ತಾನೆ, ನಿಲ್ಲುವ ಸಾಧ್ಯತೆಯೂ ಹೆಚ್ಚು.

ಹೊರದೇಶಗಳಲ್ಲಿ ಇದು ಕಾನೂನೇ ಆಗಿದೆ. ಆಸ್ಟ್ರಿಯಾದಲ್ಲಿ 2011ರಿಂದ ಜಾಹೀರಾತಿನಲ್ಲಿ ಕನಿಷ್ಠ ಸಂಬಳ ಬರೆಯಬೇಕು. ಅಮೆರಿಕದ ಕೊಲರಾಡೋದಲ್ಲಿ 2021ರಿಂದ ಈ ನಿಯಮವಿದೆ. ಆಗ ಕೆಲವು ಕಂಪನಿಗಳು ಸಂಬಳ ಹೇಳುವುದನ್ನು ತಪ್ಪಿಸಲು ‘ಕೊಲರಾಡೋದವರು ಅರ್ಜಿ ಹಾಕಬೇಡಿ’ ಎಂದೇ ಬರೆದವು. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ನಿಯಮದಂತೆ ಸಂದರ್ಶನಕ್ಕೆ ಮೊದಲೇ ಸಂಬಳ ತಿಳಿಸಬೇಕು, ‘ಹಿಂದೆ ಎಷ್ಟು ಸಿಗುತ್ತಿತ್ತು?’ ಎಂದು ಕೇಳಬಾರದು. ಸದಸ್ಯ ದೇಶಗಳು ಇದನ್ನು ಜಾರಿಗೆ ತರಲು ಕೊಟ್ಟ ಗಡುವು 2026ರ ಜೂನ್ 7. ನಮ್ಮಲ್ಲಿ ಖಾಸಗಿ ಜಾಹೀರಾತಿಗೆ ಅಂಥ ಕಟ್ಟುಪಾಡಿಲ್ಲ. ಸರ್ಕಾರಿ ಅಧಿಸೂಚನೆಯಲ್ಲಿ ಮಾತ್ರ ವೇತನ ಶ್ರೇಣಿ ಇದ್ದೇ ಇರುತ್ತದೆ. ರಾಜ್ಯದ 7ನೇ ವೇತನ ಆಯೋಗದ ನಂತರ, 2024ರ ಆಗಸ್ಟ್‌ನಿಂದ ಕನಿಷ್ಠ ಮೂಲವೇತನ 27,000 ರೂಪಾಯಿ ಎಂಬುದು ಅರ್ಜಿ ಹಾಕುವ ಪ್ರತಿ ಹುಡುಗನಿಗೂ ಗೊತ್ತು.

ಇದು ಪರದೇಶದ ಹೊಸ ಬುದ್ಧಿಯೇನೂ ಅಲ್ಲ. ಇಳಕಲ್‌ನಲ್ಲಿ ಮಗ್ಗದ ಮುಂದೆ ಕೂತ ನೇಕಾರರನ್ನು ಕೇಳಿ. ಸೀರೆಗಿಷ್ಟು ಮಜೂರಿ ಎಂಬ ಲೆಕ್ಕ ಅವರಿಗೆ ಮೊದಲೇ ಗೊತ್ತಿರುತ್ತದೆ. ಆ ಮಜೂರಿ ಸಾಲುತ್ತದೆಯೇ ಎಂಬುದು ಬೇರೆ ಜಗಳ, ಆದರೆ ಲೆಕ್ಕ ಗುಟ್ಟಲ್ಲ. ಅದೇ ಸೀರೆ ಮಾರುವ ಅಂಗಡಿಯ ಹುಡುಗನಿಗೆ ಮಾತ್ರ ತಿಂಗಳ ಕೊನೆಯವರೆಗೂ ಅನುಮಾನ.

ಇದರ ಕಷ್ಟ ಬ್ಯಾರಿಗಳಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಊರಲ್ಲಿ ಹೇಳಿದ್ದು ಒಂದು ಸಂಬಳ, ಗಲ್ಫಿನಲ್ಲಿ ಸಹಿ ಹಾಕಿಸಿದ್ದು ಇನ್ನೊಂದು ಎಂಬ ಕತೆ ಎಷ್ಟು ಮನೆಗಳಲ್ಲಿಲ್ಲ? ಉಮ್ಮನ ಬಂಗಾರ ಅಡವಿಟ್ಟು ಹೋದವರಿದ್ದಾರೆ. ಅದಕ್ಕೇ ಈಗ ವೀಸಾ ಎಂದ ಕೂಡಲೇ ‘ಕಾಗದದಲ್ಲಿ ಎಷ್ಟಿದೆ ಮೋನೆ?’ ಎಂದು ಹಿರಿಯರು ಕೇಳುತ್ತಾರೆ. ದುಬೈಯ ಮಾಲೀಕನಿಂದ ಕೇಳುವ ಕಾಗದವನ್ನು ನಮ್ಮದೇ ಅಂಗಡಿಯ ಹುಡುಗನಿಗೆ ಕೊಡಲು ನಾವೇಕೆ ಹಿಂಜರಿಯುತ್ತೇವೆ?

ದೀನ್ ಕೂಡ ಇದನ್ನೇ ಹೇಳುತ್ತದೆ. ಕೂಲಿಯ ಒಪ್ಪಂದದಲ್ಲಿ ಪ್ರತಿಫಲ ಎಷ್ಟೆಂಬುದು ಇಬ್ಬರಿಗೂ ತಿಳಿದಿರಬೇಕು ಎಂಬುದು ಫಿಕ್ಹ್‌ನ ಷರತ್ತು. ಸೂರಾ ಖಸಸ್‌ನಲ್ಲಿ ಮದ್‌ಯನ್‌ನ ಹಿರಿಯರು ಮೂಸಾ ನಬಿಯವರನ್ನು ಕೆಲಸಕ್ಕೆ ಇಟ್ಟುಕೊಂಡ ಪ್ರಸಂಗ ನೆನಪಿಸಿಕೊಳ್ಳಿ. ಎಂಟು ವರ್ಷದ ದುಡಿಮೆ, ಹತ್ತು ಮಾಡಿದರೆ ಅದು ಅವರ ಇಷ್ಟ. ಪ್ರತಿಯಾಗಿ ಸಿಗುವುದೇನು ಎಂಬುದೂ ಕೆಲಸ ಆರಂಭವಾಗುವ ಮೊದಲೇ ಮಾತಾಗಿತ್ತು. ಹುನಗುಂದದ ಪಕ್ಕದ ಕೂಡಲಸಂಗಮದ ನೆಲ ಕಾಯಕಕ್ಕೆ ಕೊಟ್ಟ ಗೌರವವೂ ನಮಗೆ ಹೊರತಲ್ಲ.

ನಾವು ಮಾಡಬಹುದಾದದ್ದು ಸಣ್ಣದು. ಜಾಹೀರಾತಿನಲ್ಲಿ ‘ಇಷ್ಟರಿಂದ ಇಷ್ಟು’ ಎಂದು ಬರೆಯೋಣ. ಕೆಲಸದ ಗಂಟೆ, ವಾರದ ರಜೆ, ಊಟ-ವಸತಿಗೆ ಸಂಬಳದಲ್ಲಿ ಹಿಡಿಯುವುದಿದ್ದರೆ ಅದನ್ನೂ ಸೇರಿಸೋಣ. ಅಂಗಡಿ, ಹೋಟೆಲ್ ಕೆಲಸಕ್ಕೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ವೇತನಕ್ಕಿಂತ ಆ ಮೊತ್ತ ಕೆಳಗಿರಬಾರದು. ಹಳಬರ ಸಂಬಳವನ್ನೂ ಅದೇ ದಿನ ಸರಿ ಮಾಡೋಣ. ಜಮಾಅತ್‌ನ ಗ್ರೂಪುಗಳಲ್ಲಿ ಸಂಬಳವಿಲ್ಲದ ಜಾಹೀರಾತು ಬಂದರೆ ಅಡ್ಮಿನ್ ಒಂದೇ ಸಾಲು ಬರೆಯಲಿ: ‘ಎಷ್ಟು ಎಂದು ಸೇರಿಸಿ ಕಳಿಸಿ.’

ನಮ್ಮಲ್ಲಿ ಮಾಲೀಕರೂ ಇದ್ದಾರೆ, ಕೆಲಸ ಹುಡುಕುವವರೂ ಇದ್ದಾರೆ, ಕೆಲವು ಸಲ ಒಂದೇ ಮನೆಯಲ್ಲಿ. ತನ್ನ ಮಗ ಹೊರಟಾಗ ಕೇಳುವ ಪ್ರಶ್ನೆಗೆ ಇನ್ನೊಬ್ಬರ ಮಗ ಬಂದಾಗ ಉತ್ತರ ಕೊಟ್ಟರೆ ಸಾಕು.