ಸಿಬ್ಬಂದಿ ಇಲ್ಲದ ಸ್ಟೇಷನ್‌ನಲ್ಲಿ ರೈಲು ಹತ್ತಿದರೆ ಟಿಕೆಟ್ ಬೇಡವೇ?

"ಟಿಕೆಟ್ ಕೊಡುವವರೇ ಇಲ್ಲ ಅಂದಮೇಲೆ ದಂಡ ಹಾಕುವಂತಿಲ್ಲ." ಹೀಗೆ ನಂಬಿದವರು ಬಹಳ ಜನ. ಇದು ನಿಜವೇ?

ಅಲ್ಲ.

ಐನಾಪುರದ ಕಡೆಯವರು ಉಗಾರ, ಶೇಡಬಾಳ ಸ್ಟೇಷನ್‌ಗಳನ್ನು ನೋಡಿಯೇ ಇರುತ್ತೀರಿ. ಅಂಥ ಕಡೆ ಸ್ಟೇಷನ್ ಮಾಸ್ತರ್, ಸಿಗ್ನಲ್ ಎಲ್ಲ ಇರುತ್ತವೆ. 'ಹಾಲ್ಟ್'ಗಳಲ್ಲಿ ಮಾಸ್ತರ್ ಇರುವುದಿಲ್ಲ. ಪ್ಲಾಟ್‌ಫಾರ್ಮ್ ಮತ್ತು ಹೆಸರಿನ ಫಲಕ ಇದ್ದರೆ ಮುಗಿಯಿತು. ವೇಳಾಪಟ್ಟಿಯಲ್ಲಿ ಇರುವ ರೈಲು ಮಾತ್ರ ನಿಲ್ಲುತ್ತದೆ. ಎಷ್ಟೋ ಹಾಲ್ಟ್‌ಗಳಲ್ಲಿ ಟಿಕೆಟ್ ಮಾರುವವರು ಕಮಿಷನ್ ಏಜೆಂಟರು, ರೈಲ್ವೆ ನೌಕರರಲ್ಲ.

ಜಪಾನಿನ ಹಳ್ಳಿಗಳಲ್ಲೂ ಇಂಥ ಸ್ಟೇಷನ್‌ಗಳು ಬಹಳ. ಅಲ್ಲಿನ ಅನೇಕ ರೈಲುಗಳಲ್ಲಿ ಹತ್ತುವಾಗ ನಂಬರ್ ಇರುವ ಚೀಟಿ ತೆಗೆದುಕೊಂಡು, ಇಳಿಯುವಾಗ ಚಾಲಕನ ಪಕ್ಕದ ಡಬ್ಬಿಗೆ ಹಣ ಹಾಕುತ್ತಾರೆ. ಅಲ್ಲಿಯೂ ಪುಕ್ಕಟೆ ಪ್ರಯಾಣವಿಲ್ಲ.

ನಮ್ಮ ಕಾನೂನು ಏನನ್ನುತ್ತದೆ?

1989ರ ರೈಲ್ವೆ ಕಾಯ್ದೆಯ 138ನೇ ಕಲಂ ಪ್ರಕಾರ, ಟಿಕೆಟ್ ಇಲ್ಲದಿದ್ದರೆ ಪ್ರಯಾಣ ದರದ ಜೊತೆಗೆ ಅಷ್ಟೇ ಮೊತ್ತ ಅಥವಾ 250 ರೂಪಾಯಿ, ಯಾವುದು ಹೆಚ್ಚೋ ಅದನ್ನು ಕಟ್ಟಬೇಕು. ಮೋಸದ ಉದ್ದೇಶ ಸಾಬೀತಾದರೆ 137ನೇ ಕಲಂ ಪ್ರಕಾರ ಜೈಲೂ ಆಗಬಹುದು.

ಹಾಗಾದರೆ ಏನು ಮಾಡಬೇಕು?

ಮೊಬೈಲಿನಲ್ಲಿ ರೈಲ್ವೆಯ ಆ್ಯಪ್ ಮೂಲಕ ಜನರಲ್ ಟಿಕೆಟ್ ಮೊದಲೇ ತೆಗೆಯಿರಿ. ಅದೂ ಆಗದಿದ್ದರೆ, ಹತ್ತುವ ಮುಂಚೆಯೇ ಗಾರ್ಡ್ (ಈಗ 'ಟ್ರೇನ್ ಮ್ಯಾನೇಜರ್') ಅಥವಾ ಟಿಸಿಗೆ ಹೇಳಿ ಅನುಮತಿ ಪತ್ರ ಕೇಳಿ. 55ನೇ ಕಲಂನಲ್ಲಿ ಇದಕ್ಕೆ ಅವಕಾಶವಿದೆ. ಆ ಪತ್ರ ಕೈಯಲ್ಲಿದ್ದರೆ ಪ್ರಯಾಣ ದರ ಮಾತ್ರ ಕೊಟ್ಟರೆ ಸಾಕು, ದಂಡವಿಲ್ಲ.

ಫಾರ್ವರ್ಡ್ ಮಾಡುವುದಿದ್ದರೆ ಇದನ್ನು ಮಾಡಿ.